ಅಕ್ಕೋರ ಹಡಗು ಯಾವುದು

ಅಕ್ಟೋಬರ್ ಹನ್ನೆರಡು, ಭಾನುವಾರ. ಬೆಳಿಗ್ಗೆ ಎಂಟೂಕಾಲಿಗೆ ಬರೆಯಲು ಕೂತಿದ್ದೇನೆ.

ಅಕ್ಕೋರು ಯಾರನ್ನಾದರೂ ನೋಡಬೇಕೆಂದರೆ ಕನ್ನಡಕವನ್ನು ಹಣೆಯ ಮೇಲಕ್ಕೆ ತಳ್ಳಿ, ಬಗ್ಗಿ, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬರುತ್ತಿದ್ದರು. ದೂರದ್ದು ಅವರಿಗೆ ಮಸುಕು, ಹತ್ತಿರದ್ದು ಬರಿಗಣ್ಣಿಗೇ ಚೆನ್ನಾಗಿ ಕಾಣುತ್ತಿತ್ತು. ಬಾಯಲ್ಲಿ ಸದಾ ಒಂದು ಲವಂಗ. ಆ ವಾಸನೆ ಬಂತೆಂದರೆ ನಮ್ಮ ಸರದಿ ಬಂತೆಂದು ಅರ್ಥ. ಒಂದು ಗಳಿಗೆ ಮುಖ ನೋಡಿ, "ಹಾಂ, ನೀನ ಇದ್ದಿ" ಎಂದು ಮುಂದಿನ ಮಗುವಿನ ಕಡೆಗೆ ಹೋಗುತ್ತಿದ್ದರು. ತರಗತಿಯಲ್ಲಿ ಹಾಜರಿ ಎಂದರೆ ಅದೇ.

ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಫ್ರೀಮಾಂಟಿನ ಒಂದು ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಪ್ರತಿ ಭಾನುವಾರ ಅವರು ನಮಗೆ ಕನ್ನಡ ಕಲಿಸುತ್ತಿದ್ದರು. ಧಾರವಾಡದವರು. ಅಲ್ಲಿ ಪಾಠ ಹೇಳುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರಂತೆ. ಯಾರಾದರೂ 'ಮೇಡಂ' ಎಂದರೆ ಇವರು ತಿರುಗಿಯೂ ನೋಡುತ್ತಿರಲಿಲ್ಲ. ಸೀರೆಯ ಕೆಳಗೆ ಬಿಳಿ ಸ್ನೀಕರ್ಸು. ನಿಲ್ಲುವಾಗ ಕಾಲು ಅಗಲಿಸಿ, ನೆಲ ಈಗಲೋ ಆಗಲೋ ಅಲುಗಾಡುತ್ತದೆ ಎಂಬಂತೆ ನಿಲ್ಲುತ್ತಿದ್ದರು. ಅದು ಹಡಗಿನ ಅಭ್ಯಾಸ.

ಅವರು ರಷ್ಯನ್ ಭಾಷೆ ಓದಿದವರು. ಇಲ್ಲಿಗೆ ಬರುವ ಮುಂಚೆ ಕೆಲವು ಬೇಸಿಗೆಗಳಲ್ಲಿ ಮುಂಬಯಿಯ ಒಂದು ಪ್ರವಾಸ ಕಂಪನಿಗೆ ದುಭಾಷಿಯಾಗಿ ರಷ್ಯದ ನದಿ ಹಡಗೊಂದರಲ್ಲಿ ಕೆಲಸ ಮಾಡಿದ್ದರು. ಮಾಸ್ಕೋದಿಂದ ಪೀಟರ್ಸ್‌ಬರ್ಗಿಗೆ, ಮತ್ತೆ ಮಾಸ್ಕೋಗೆ. ಆ ಜಾತಿಯ ಹಡಗುಗಳನ್ನು ಪೂರ್ವ ಜರ್ಮನಿಯಲ್ಲಿ, ಎಲ್ಬೆ ನದಿಯ ದಂಡೆಯ ಹಡಗುಕಟ್ಟೆಯಲ್ಲಿ ಕಟ್ಟಿ ಸೋವಿಯತ್ ದೇಶಕ್ಕೆ ಕಳಿಸಿದ್ದರು. ಒಂದು ಡಜನ್‌ಗಿಂತ ಹೆಚ್ಚಿವೆ. ಎಲ್ಲವೂ ಬಿಳಿ, ಎಲ್ಲಕ್ಕೂ ನಾಲ್ಕು ಅಂತಸ್ತು, ಒಂದೇ ನಕ್ಷೆ. ಕಟ್ಟಿದವರು ಇಟ್ಟ ಹೆಸರು 'ಯೋಜನೆ ಮುನ್ನೂರ ಎರಡು'. ಅಕ್ಕೋರು ಮಾತ್ರ ತಮ್ಮದನ್ನು 'ನಮ್ಮ ಹಡಗು' ಎನ್ನುತ್ತಿದ್ದರು, ಬೇರೆ ಹೆಸರೇ ಇಲ್ಲದ ಹಾಗೆ.

ನಾನು ಓದಲು ಕಲಿತದ್ದು ಆ ಹಡಗಿನ ಒಂದು ಪದ್ಧತಿಯಿಂದ. ಅಲ್ಲಿ ದಡಕ್ಕೆ ಇಳಿಯುವ ಪ್ರತಿಯೊಬ್ಬ ಪ್ರಯಾಣಿಕರೂ ಬಾಗಿಲ ಬಳಿಯ ಹಲಗೆಯಿಂದ ಒಂದು ಕಾರ್ಡು ತೆಗೆದುಕೊಂಡು ಹೋಗಬೇಕು, ಬಂದಾಗ ತಿರುಗಿ ಕೊಡಬೇಕು. ಎಲ್ಲ ಕಾರ್ಡು ಬಂದ ಮೇಲೆ ಹಡಗು ಹೊರಡುತ್ತದೆ. ಅಕ್ಕೋರು ಒಂದು ಹಲಗೆಗೆ ಕೊಕ್ಕೆ ಹೊಡೆದು, ನಮ್ಮ ಹೆಸರನ್ನು ಕನ್ನಡದಲ್ಲಿ ಬರೆದ ರಟ್ಟಿನ ಕಾರ್ಡುಗಳನ್ನು ತೂಗುಹಾಕಿದ್ದರು. ಆಟಕ್ಕೆ ಹೋಗಬೇಕೆಂದರೆ ಮೊದಲು ನಮ್ಮ ಹೆಸರನ್ನು ನಾವೇ ಹುಡುಕಬೇಕು. ಹೊರಗೆ ಜಾರುಬಂಡೆ ಕಾಯುತ್ತಿರುವಾಗ ಅಕ್ಷರ ಬೇಗ ಬರುತ್ತದೆ.

ಒಂದು ಭಾನುವಾರ ಆಟ ಮುಗಿಸಿ ಬಂದಾಗ ಎಲ್ಲ ಕಾರ್ಡೂ ಕೊಕ್ಕೆಯಲ್ಲಿದ್ದವು. ಆದರೂ ಅಕ್ಕೋರು ಕನ್ನಡಕ ಮೇಲೆ ತಳ್ಳಿ ಒಬ್ಬೊಬ್ಬರನ್ನೇ ನೋಡತೊಡಗಿದರು. ಕಾರ್ಡುಗಳಿದ್ದಾವಲ್ಲ ಎಂದು ಯಾರೋ ಕೇಳಿದಾಗ ಹೇಳಿದ್ದು ಗದಗಿನ ಅಜ್ಜನ ಕಥೆ.

ವೋಲ್ಗಾ ನದಿಯ ಉಗ್ಲಿಚ್ ಎಂಬ ಊರಿನಲ್ಲಿ ಹಡಗು ನಿಲ್ಲುವ ಕಟ್ಟೆ ಚಿಕ್ಕದು. ಮೊದಲು ಬಂದ ಹಡಗು ಕಟ್ಟೆಗೆ ತಾಗಿ ನಿಲ್ಲುತ್ತದೆ, ಎರಡನೆಯದು ಅದರ ಮಗ್ಗುಲಿಗೆ, ಮೂರನೆಯದು ಅದರಾಚೆಗೆ. ಒಂದೇ ನಕ್ಷೆಯ ಹಡಗುಗಳಾದ್ದರಿಂದ ಬಾಗಿಲಿಗೆ ಬಾಗಿಲು ಸರಿಯಾಗಿ ಕೂಡುತ್ತದೆ. ಹೊರಗಿನ ಹಡಗಿನವರು ಒಳಗಿನ ಹಡಗುಗಳ ನಡುಮನೆಯನ್ನು ದಾಟಿಕೊಂಡೇ ದಡಕ್ಕೆ ಹೋಗಿಬರಬೇಕು. ಅಕ್ಕೋರ ಹಡಗು ಆ ದಿನ ಎಲ್ಲಕ್ಕಿಂತ ಆಚೆಯದು. ಅವರ ಗುಂಪಿನಲ್ಲಿ ಗದಗಿನ ಒಬ್ಬ ಹತ್ತಿ ವ್ಯಾಪಾರಿ ಮತ್ತು ಅವರ ಹೆಂಡತಿ ಇದ್ದರು. ಗಂಡ ಕಳೆದುಬಿಡುತ್ತಾರೆಂದು ಎರಡೂ ಕಾರ್ಡನ್ನು ಹೆಂಡತಿಯೇ ಇಟ್ಟುಕೊಂಡಿದ್ದರು, ಬಂದವರೇ ಎರಡನ್ನೂ ಕೊಟ್ಟು ನೇರ ಊಟದ ಮನೆಗೆ ನಡೆದರು. ಅಕ್ಕೋರು ಕಾರ್ಡು ಎಣಿಸಿದರು, ಸರಿಯಿತ್ತು. ಹಡಗು ಹೊರಟಿತು. ಊಟಕ್ಕೆ ಕೂತಾಗ ಒಂದು ಕುರ್ಚಿ ಖಾಲಿ.

ಅಜ್ಜ ನಡುವಿನ ಹಡಗಿನಲ್ಲಿ ಉಳಿದಿದ್ದರು. ಅದೇ ಮೆಟ್ಟಿಲು, ಅದೇ ಕೆಂಪು ಜಮಖಾನೆ. ಮೇಲೆ ಹತ್ತಿ, ತಮ್ಮದೇ ನಂಬರಿನ ಕೋಣೆಯ ಬಾಗಿಲು ತೆರೆದಿದ್ದುದನ್ನು ನೋಡಿ, ಒಳಗೆ ಹೋಗಿ ಮಲಗಿ ನಿದ್ದೆಹೋಗಿದ್ದರು. ಎಬ್ಬಿಸಿದವರನ್ನು ಕೇಳಿದ ಮೊದಲ ಮಾತು, ತಮ್ಮ ಚೀಲ ಯಾರು ಒಯ್ದರು ಎಂದು. ಎರಡು ಹಡಗಿನ ಕ್ಯಾಪ್ಟನ್‌ಗಳು ರೇಡಿಯೋದಲ್ಲಿ ಮಾತಾಡಿಕೊಂಡು, ಮರುದಿನ ಮುಂದಿನ ಊರಿನಲ್ಲಿ ಅಜ್ಜನನ್ನು ಒಪ್ಪಿಸಿದರು.

"ಅವ್ರ ಹೆಂಡ್ತಿ ಬೆಳಗಾಗೂತನಕಾ ನನ್ನ ಕೈ ಬಿಡ್ಲಿಲ್ಲ" ಎಂದರು ಅಕ್ಕೋರು. "ಅಜ್ಜಾರು ಬಂದವ್ರ ಏನಂದ್ರು ಗೊತ್ತೇನು? ಆ ಹಡಗಿನ್ಯಾಗ ಚಹಾ ಚೊಲೋ ಇತ್ತು ಅಂದ್ರು."

ನಾವು ನಕ್ಕೆವು. ಅವರು ನಗಲಿಲ್ಲ. "ಅವತ್ತಿನಿಂದ ಕಾರ್ಡ್ ನಂಬೂದು ಬಿಟ್ಟೆ. ಮಾರಿ ನೋಡ್ತೀನಿ." ಮಾರಿ ಎಂದರೆ ಅವರ ಕಡೆ ಮುಖ.

ನನಗೆ ಏಳು ವರ್ಷವಾಗಿದ್ದಾಗ ತರಗತಿಯವರೆಲ್ಲ ಓಕ್‌ಲ್ಯಾಂಡಿನಿಂದ ಫೆರಿ ಹತ್ತಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದೆವು. ನಾವು ಹದಿನೆಂಟು ಮಕ್ಕಳು, ಜೊತೆಗೆ ಕೆಲವು ಅಪ್ಪ ಅಮ್ಮಂದಿರು. ಎಣಿಸುವ ಜವಾಬ್ದಾರಿ ನನ್ನ ಅಪ್ಪನದು. ಅಪ್ಪ ಮೆನ್ಲೋ ಪಾರ್ಕಿನಲ್ಲಿ ಎಂಜಿನಿಯರು. ಮನೆಯಲ್ಲಿ ಪಾತ್ರೆ ತೊಳೆಯುವ ಮಿಷನ್ನಿಗೆ ಚಮಚ ಹಾಕುವಾಗಲೂ ಎಣಿಸುವವರು. ಆ ಗುಣ ನನಗೂ ಬಂದಿದೆ. ಬೆಳಿಗ್ಗೆ ಹೋಗುವಾಗ ನಾನು ಮೇಲಂತಸ್ತಿನ ಹಿಂದಿನ ಮೂಲೆಯಲ್ಲಿ ಕಿಟಕಿ ಪಕ್ಕ ಕೂತು, ಕಿಟಕಿಯ ಕೆಳಗೆ ಒಂದು ಸ್ಟ್ರಾಬೆರಿ ಸ್ಟಿಕರ್ ಅಂಟಿಸಿದ್ದೆ.

ಸಂಜೆ ಹಿಂತಿರುಗುವಾಗ ಅಕ್ಕಪಕ್ಕದ ಎರಡು ಗೇಟುಗಳಲ್ಲಿ ಒಂದೇ ತರಹದ ಎರಡು ಫೆರಿ ನಿಂತಿದ್ದವು. ಒಂದು ನಮ್ಮದು, ಇನ್ನೊಂದು ವಲೇಹೋ ಎಂಬ ಬೇರೆ ಊರಿಗೆ ಹೋಗುವುದು. ನಾನು ಕಂಬದ ಮೇಲಿನ ಪೆಲಿಕನ್ ನೋಡುತ್ತ ಹಿಂದುಳಿದಿದ್ದೆ. ತಿರುಗಿದಾಗ ನಮ್ಮ ದೋಣಿ ಕಂಡಿತು. ಜನರ ನಡುವೆ ಓಡಿ ಹತ್ತಿ, ಮೇಲೆ ಹೋಗಿ ನನ್ನ ಜಾಗದಲ್ಲಿ ಕೂತೆ. ಸ್ಟಿಕರ್ ಇರಲಿಲ್ಲ. ಯಾರೋ ಕಿತ್ತಿದ್ದಾರೆ ಎಂದು ಸಿಟ್ಟು ಬಂತೇ ಹೊರತು ಬೇರೇನೂ ಹೊಳೆಯಲಿಲ್ಲ.

ಆಚೆಯ, ನಿಜವಾಗಿ ನಮ್ಮದಾದ ದೋಣಿಯಲ್ಲಿ ನಡೆದದ್ದನ್ನು ಅಮ್ಮ ಎಷ್ಟು ಸಲ ಹೇಳಿದ್ದಾಳೋ, ನಾನೇ ಅಲ್ಲಿದ್ದಂತೆ ಅನ್ನಿಸುತ್ತದೆ. ಅಪ್ಪ ಎಣಿಸಿ ಮುಗಿಸಿದ್ದರು.

"ಹದಿನೆಂಟು, ಅಕ್ಕೋರೆ. ಎರಡು ಸಲ ಎಣಿಸಿದೀನಿ."

ಮರಳುವಾಗ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಮ್ಮ ಜೊತೆ ಸೇರಿಕೊಂಡಿದ್ದ ಗೆಳತಿಯೊಬ್ಬಳ ತಮ್ಮನೂ, ನಾನಿಲ್ಲದ ಆ ಹದಿನೆಂಟರಲ್ಲಿ ಎಣಿಕೆಯಾಗಿದ್ದ. ಅಕ್ಕೋರು ಅಪ್ಪನ ಮಾತಿಗೆ ತಲೆಯಾಡಿಸಿ, ಕನ್ನಡಕ ಮೇಲೆ ತಳ್ಳಿ, ಮೊದಲ ಸಾಲಿನಿಂದ ಒಬ್ಬೊಬ್ಬರನ್ನೇ ನೋಡುತ್ತ ಬಂದರು. ಕೊನೆಗೆ ನಿಂತರು.

"ಎಣಿಕಿ ಸರಿ ಅದರೀ. ನಿಮ್ಮ ಮಗಳ ಮಾರಿ ಎಲ್ಲೂ ಕಾಣವಲ್ದಲ್ಲ."

ಅಪ್ಪ ದಡಕ್ಕೆ ಹಾರಿ ಕಟ್ಟೆಯುದ್ದಕ್ಕೂ ನನ್ನ ಹೆಸರು ಕೂಗುತ್ತ ಓಡಿದರು. ಅಮ್ಮ ಟಾಯ್ಲೆಟ್ಟಿನ ಕಡೆ ಓಡಿದಳು. ಅಕ್ಕೋರು ಕಟ್ಟೆಯಲ್ಲಿ ಹುಡುಕಲೇ ಇಲ್ಲ. ನಾನು ಬೆಳಿಗ್ಗೆ ಎಲ್ಲಿ ಕೂತಿದ್ದೆ ಎಂದು ಒಬ್ಬ ಹುಡುಗಿಯನ್ನು ಕೇಳಿಕೊಂಡು ಪಕ್ಕದ ಗೇಟಿಗೆ ಹೋಗಿ, ಕಾವಲಿದ್ದವನಿಗೆ ಮಗು ಒಳಗಿದೆ, ಹಗ್ಗ ಬಿಚ್ಚಬೇಡಿ ಎಂದು ಹೇಳಿ, ನೆರಿಗೆ ಎತ್ತಿಕೊಂಡು ಮೇಲಂತಸ್ತಿಗೆ ಹತ್ತಿ, ನೇರ ಹಿಂದಿನ ಮೂಲೆಗೆ ಬಂದರು.

ಮೊದಲು ಲವಂಗದ ವಾಸನೆ ಬಂತು. ಆಮೇಲೆ ಮುಖ.

"ಹಾಂ, ನೀನ ಇದ್ದಿ. ಇಲ್ಲೇನ್ ಮಾಡ್ಲಿಕತ್ತೀ?"

"ಸಮ್‌ಬಡಿ ಟುಕ್ ಮೈ ಸ್ಟಿಕರ್" ಎಂದೆ.

ಅಕ್ಕೋರು ಧೊಪ್ಪನೆ ನನ್ನ ಪಕ್ಕ ಕೂತುಬಿಟ್ಟರು. ನಗುತ್ತಿದ್ದರು, ಕಣ್ಣಲ್ಲಿ ನೀರಿತ್ತು. "ಆ ಅಜ್ಜಾರೂ ಹಿಂಗ ಅಂದಿದ್ರು ನೋಡು." ಆಮೇಲೆ ನನ್ನ ಕೈ ಹಿಡಿದರು, ಫ್ರೀಮಾಂಟ್ ಮುಟ್ಟುವವರೆಗೂ ಬಿಡಲಿಲ್ಲ.

ಕಾರಿನಿಂದ ಇಳಿಯುವಾಗ ಅವರು ಒಂದು ಮಾತು ಹೇಳಿದರು. "ಇವತ್ತೇನಾತು ಅಂತ ಬರಿ. ಎಷ್ಟ್ ಮಂದಿ ಇದ್ರು ಅಂತ ಬ್ಯಾಡ. ಯಾರ್ಯಾರ್ ಇದ್ರು ಅಂತ ಬರಿ." ಅವತ್ತು ಬರೆದದ್ದು ಎರಡೇ ವಾಕ್ಯ: ನಾನು ಬೇರೆ ದೋಣಿ ಹತ್ತಿದೆ. ಅಕ್ಕೋರು ಬಂದರು. ನನ್ನ ದಿನಚರಿ ಶುರುವಾದದ್ದು ಹಾಗೆ. ಈಗ ಬರ್ಕ್ಲಿಯಲ್ಲಿ ಓದುತ್ತಿದ್ದೇನೆ, ಇಂದಿಗೂ ಕನ್ನಡದಲ್ಲೇ ಬರೆಯುತ್ತೇನೆ. ತಾರೀಖು, ಗಂಟೆ, ಲೆಕ್ಕ ಎಲ್ಲ ಅಪ್ಪನಿಂದ ಬಂದವು. ಉಳಿದದ್ದೆಲ್ಲ ಅಕ್ಕೋರು ಕೊಟ್ಟದ್ದು.

ಅಪ್ಪ ಇಂದಿಗೂ ಬಿಟ್ಟುಕೊಡುವುದಿಲ್ಲ. "ಎಣಿಕೆ ಸರಿಯಾಗೇ ಇತ್ತು ಕಣೆ" ಎನ್ನುತ್ತಾರೆ.

"ಸರಿಯಾಗಿತ್ತು ಬಿಡಿ, ನಿಮ್ಮ ಮಗಳೊಬ್ಬಳು ಇರ್ಲಿಲ್ಲ ಅಷ್ಟೆ" ಎನ್ನುತ್ತಾಳೆ ಅಮ್ಮ.

ಈ ಜುಲೈನಲ್ಲಿ ಅಕ್ಕೋರು ತೀರಿಕೊಂಡರು. ಪ್ರಾರ್ಥನೆಯ ದಿನ ಹಳೆಯ ವಿದ್ಯಾರ್ಥಿಗಳು ತುಂಬ ಬಂದಿದ್ದರು. ದೂರದ ಗಿಲ್‌ರಾಯ್‌ನಿಂದ ಒಬ್ಬನು ತನ್ನ ಎಳೆಗೂಸನ್ನು ಎತ್ತಿಕೊಂಡು ಬಂದಿದ್ದ. ಅಪ್ಪ ಬಾಗಿಲ ಬಳಿ ನಿಂತು ಒಳಗೆ ಬರುವವರನ್ನು ನೋಡುತ್ತಿದ್ದರು. ಎಷ್ಟು ಜನ ಬಂದರು ಎಂದು ಸಂಜೆ ದಿನಚರಿಗೆ ಬೇಕಾಗಿ ಕೇಳಿದೆ.

"ಎಣಿಸ್ಲಿಲ್ಲಮ್ಮ" ಎಂದರು.

ಅಕ್ಕೋರ ಮಗಳು ನನಗೊಂದು ಫೋಟೋ ಕೊಟ್ಟರು. ಹಡಗಿನ ಮೆಟ್ಟಿಲ ಬುಡದಲ್ಲಿ ಅಕ್ಕೋರು ನಿಂತಿದ್ದಾರೆ, ಕಾಲು ಅಗಲಿಸಿ. ಹಿಂದೆ ಕಾರ್ಡುಗಳ ಹಲಗೆ. ಕನ್ನಡಕ ಹಣೆಯ ಮೇಲಿದೆ. ಹಡಗಿನ ಹೆಸರು ಎಲ್ಲೂ ಕಾಣುವುದಿಲ್ಲ. "ನಂಗೂ ಗೊತ್ತಿಲ್ಲ ಕಣೆ, ಅಮ್ಮ ಯಾವಾಗ್ಲೂ ನಮ್ಮ ಹಡಗು ಅಂತಲೇ ಹೇಳ್ತಿದ್ಲು" ಎಂದರು ಮಗಳು. ಎರಡು ತಿಂಗಳಿಂದ ನಾನು ಆ ಜಾತಿಯ ಹಡಗುಗಳ ಚಿತ್ರಗಳನ್ನು ಒಂದೊಂದಾಗಿ ಹೋಲಿಸುತ್ತಿದ್ದೇನೆ. ಎಲ್ಲದರಲ್ಲೂ ಅದೇ ಮೆಟ್ಟಿಲು, ಅದೇ ಹಲಗೆ. ಕೆಲವು ಹಡಗುಗಳ ಹೆಸರು ಬದಲಾಗಿದೆ, ಕೆಲವು ಈಗ ಓಡುತ್ತಿಲ್ಲ. ನಾನು ಬೇರೆ ದೋಣಿಯಲ್ಲಿದ್ದಾಗ ಅವರು ಗೊತ್ತಿದ್ದವರಂತೆ ನೇರ ಬಂದರು. ಅವರು ನಿಂತ ಹಡಗು ಯಾವುದೆಂದು ನನಗೆ ಇನ್ನೂ ಸಿಕ್ಕಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಆ ನದಿಯಲ್ಲಿ ಪ್ರವಾಸ ಮಾಡಿದವರು, ಗದಗಿನ ಆ ಅಜ್ಜನ ಮನೆಯವರು, ಯಾರಾದರೂ ಇದನ್ನು ಓದಿದರೆ ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಎರಡು ಸಾಲು ಬರೆಯಿರಿ. ಫೋಟೋವನ್ನು ಈ ಬರಹದ ಜೊತೆಗೇ ಕೊಟ್ಟಿದ್ದೇನೆ. ಮೆಟ್ಟಿಲು ನೋಡಿದರೆ ತಿಳಿಯುವುದಿಲ್ಲ, ಅದು ಎಲ್ಲ ಹಡಗಿನಲ್ಲೂ ಒಂದೇ. ಅವರ ಮುಖ ನೋಡಿ.