ನಾಳೆ ಟೆಸ್ಟ್, ಪಕ್ಕದಲ್ಲಿ ತಂಬೂರಿ

ಗೆಳೆಯರೇ, ಇವತ್ತು ಜಗಳಕ್ಕೆ ಹೋಗಿ ಸೋತು ಬಂದೆ. ನಮ್ಮ ಹಳ್ಳಿ ಆರಗದಿಂದ ಮಿರಜಿಗೆ ಬಂದು ಕಾಲೇಜು ಸೇರಿ ವಾರವಾಯಿತು. ರೂಮಿನ ಪಕ್ಕದ ತಂಬೂರಿ ಅಂಗಡಿಯಲ್ಲಿ ದಿನವಿಡೀ ಒಂದೇ ಸ್ವರ. ನಾಳೆ ಭೌತಶಾಸ್ತ್ರದ ಮೊದಲ ಟೆಸ್ಟ್.

"ಚಾಚಾ, ಓದಾಕ ಆಗವಲ್ತರಿ. ಅದೊಂದ ತಂತೀನ ಎಷ್ಟು ಸರ್ತಿ ಬಾರಸ್ತೀರಿ?" ಎಂದೆ.

ಅಂಗಡಿಯ ಚಾಚಾ ತಲೆ ಎತ್ತಲಿಲ್ಲ. "ಅದು ಬಾಯಿ ಬಿಡೂತನಕ. ಕುಂದ್ರವಾ."

ತಂತಿಯ ಕೆಳಗಿನ ಪಟ್ಟಿಯನ್ನು ಅರದಿಂದ ಕೂದಲೆಳೆಯಷ್ಟು ಉಜ್ಜಿ, ಮೀಟಿ, ಕಿವಿಗೊಟ್ಟು, ಮತ್ತೆ ಉಜ್ಜಿದರು. ಹೀಗೇ ಒಂದು ತಾಸು. ಆಮೇಲೊಮ್ಮೆ ಮೀಟಿದಾಗ ಸ್ವರ ನಿಲ್ಲಲೇ ಇಲ್ಲ. ಅಂಗಡಿ ತುಂಬಿ, ನಾನು ಕೂತ ಹಲಗೆಯಲ್ಲೂ ನಡುಗಿತು.

"ಈಗ ಹೋಗಿ ಓದ್ಕೋ," ಎಂದರು.

ಬಂದು ಪುಸ್ತಕ ತೆರೆದೆ. ನಾಳೆಯ ಪಾಠ ಶಬ್ದದ ಅಲೆಗಳು, ಜೊತೆಗೊಂದು ತಂತಿಯ ಚಿತ್ರ. ಎರಡು ತಾಸಿನಿಂದ ನೋಡುತ್ತಿದ್ದೇನೆ, ಅದಿನ್ನೂ ಬಾಯಿ ಬಿಟ್ಟಿಲ್ಲ.