ಅಪ್ಪಣೆಯಿಲ್ಲದೆ ಬಂದ ಲಾರಿ

ಮಕ್ತಲ್ ಬಸ್ ನಿಲ್ದಾಣದಲ್ಲಿ ಕಂಡಕ್ಟರು ಮರಿಕಲ್, ಪಾಲಮೂರು ಎಂದು ಕೂಗಿದರೆ ನಾನೂ ಮೆಲ್ಲಗೆ ಮರಿಕಲ್, ಪಾಲಮೂರು ಎನ್ನುತ್ತೇನೆ. ಸೇನೆಯಲ್ಲಿ ವೈರ್‌ಲೆಸ್ ಮುಂದೆ ಕೂತವರ ಚಾಳಿ ಇದು. ಕೇಳಿದ್ದನ್ನು ತಿರುಗಿ ಹೇಳಿದರೇ ಮಾತು ತಲುಪಿದಂತೆ. ನಿವೃತ್ತನಾಗಿ ಊರಿಗೆ ಬಂದು ಕೆಲವು ವರ್ಷವಾಯಿತು. ಕಿವಿ ಕಾಯುತ್ತಿರುವ ದನಿ ಮಾತ್ರ ಬಂದಿಲ್ಲ.

ಆ ದನಿಯವನು ಗಡಿಯಾಚೆಯ ದೇಶದವನು. ಇಲ್ಲಿದ್ದರೆ ಎದುರಾಳಿಗಳು, ಆಫ್ರಿಕದಲ್ಲಿ ಇಬ್ಬರ ತಲೆಯ ಮೇಲೂ ಶಾಂತಿಪಡೆಯ ನೀಲಿ ಟೋಪಿ. ಹೊಳೆಯ ಆಚೆ ಅವರ ಶಿಬಿರ, ಈಚೆ ನಮ್ಮದು. ಅವನ ಮುಖ ನಾನು ನೋಡಿಲ್ಲ. ನೋಡಿದ್ದೇನೆಂದು ಇಲ್ಲೇ ಒಮ್ಮೆ ಬರೆದಿದ್ದೆ, ಹೊಡೆದುಹಾಕಿದೆ. ಇಂಗ್ಲಿಷಿನಲ್ಲಿ ಕೆಲಸದ ಮಾತು ಮುಗಿದ ಮೇಲೆ ಅವನ ಉರ್ದು, ನನ್ನ ಮಕ್ತಲ್ ಉರ್ದು. ಬೇಡ ಎನ್ನಲು ನಾನು ನಮ್ಮ ಕಡೆಯ ‘ನಕ್ಕೋ’ ಅಂದಾಗಲೆಲ್ಲ ನಗುತ್ತಿದ್ದ. ಬೇಕೆಂದೇ ಅನ್ನುತ್ತಿದ್ದೆ.

ಹಲವು ದೇಶದ ಪಡೆಗಳು ಸೇರಿದಲ್ಲಿ ಆಜ್ಞೆ ಒಬ್ಬನದೇ ಇರಬೇಕು, ಅದಾಗದಿದ್ದರೆ ಪ್ರಯತ್ನವಾದರೂ ಒಂದೇ ಇರಬೇಕು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಕಾಗದದ ಮೇಲೆ ನಮ್ಮೆಲ್ಲರಿಗೂ ಒಬ್ಬರೇ ಕಮಾಂಡರ್, ಮೂರನೆಯ ದೇಶದವರು. ನಿಜದಲ್ಲಿ ಪ್ರತಿ ಪಡೆಯೂ ತನ್ನ ರಾಜಧಾನಿಯ ಕಡೆ ನೋಡುತ್ತಿತ್ತು. ನಮ್ಮದೂ ಅಷ್ಟೆ.

ಒಂದು ಮಧ್ಯಾಹ್ನ ಹೊಳೆ ಏರಿತು. ರೋಗಿಗಳನ್ನು ತರುತ್ತಿದ್ದ ನಮ್ಮ ಆಂಬುಲೆನ್ಸ್ ನಡುನೀರಿನಲ್ಲಿ ಸಿಕ್ಕಿತು. ಅದನ್ನು ಎಳೆಯಬಲ್ಲ ಲಾರಿ ಇದ್ದದ್ದು ಅವರ ಬಳಿ, ಅವನದೇ ಸುಪರ್ದಿನಲ್ಲಿ. ಕಮಾಂಡರ್ ಆಜ್ಞೆ ಕೊಟ್ಟರು. ತಮ್ಮ ಪ್ರದೇಶ ದಾಟಲು ರಾಜಧಾನಿಯನ್ನು ಕೇಳಬೇಕು ಎಂದರು ಅವರ ಅಧಿಕಾರಿ. ಕೇಳಿದರು. ಉತ್ತರ ಬರುವುದರೊಳಗೆ ನೀರು ಚಕ್ರ ಮುಚ್ಚಿತು.

ಆಗ ನಾನು ವೈರ್‌ಲೆಸ್ ಎತ್ತಿಕೊಂಡೆ. ಆಡಿದ್ದು ಉರ್ದುವಿನಲ್ಲಿ, ಈಗ ನೆನಪಾಗುವುದೆಲ್ಲ ನಮ್ಮೂರ ಮಾತಿನಲ್ಲೇ.

“ಭಾಯಿ, ನೀರು ಬಾಗಿಲಿಗೆ ಬಂತು. ನಿನಗ ಹುಕುಂ ಮಾಡಾಕ ನಾ ಯಾರು? ಕೇಳಾಕತ್ತೀನಿ, ಅಷ್ಟ.”

“ನೀರು ಬಾಗಿಲಿಗೆ ಬಂತು,” ಎಂದು ಅವನು ತಿರುಗಿ ಹೇಳಿದ. ಆಮೇಲೆ ಸೇರಿಸಿದ: “ಲಾರಿ ಬ್ರೇಕ್ ಸರಿ ಅದನೋ ನೋಡಾಕ ಹೊಂಟೀನಿ ಅಂತ ಬರಕೋ.”

ಲಾರಿ ಬಂತು. ಎಲ್ಲರೂ ಉಳಿದರು.

ನಾನು ಬ್ರೇಕ್ ಎಂದು ಬರೆಯಲಿಲ್ಲ. ನಮ್ಮ ಕೋರಿಕೆಯ ಮೇಲೆ, ತನ್ನ ಅಧಿಕಾರಿಯ ಅಪ್ಪಣೆಗೆ ಕಾಯದೆ ಬಂದ ಎಂದು ಲಾಗ್ ಪುಸ್ತಕದಲ್ಲಿ ಬರೆದೆ. ಅದರ ನಕಲು ದಿನವೂ ಕಮಾಂಡರ್ ಕಚೇರಿಗೆ, ಅಲ್ಲಿಂದ ಎಲ್ಲ ಪಡೆಗಳಿಗೂ ಹೋಗುತ್ತದೆಂದು ನನಗೆ ಗೊತ್ತಿತ್ತು. ಮರುದಿನ ಆಚೆಯಿಂದ ಬೇರೆ ದನಿ. ಹಿಂದಿನವರೆಲ್ಲಿ ಎಂದು ಕೇಳಿದೆ. ಬದಲಾಯಿಸಿದ್ದಾರೆ ಎಂದಿತು, ಇಂಗ್ಲಿಷಿನಲ್ಲಿ.

ಯಾಕೆ ಬರೆದೆ? ನಾನು ಹೇಳಿದ ಕಾರಣಗಳ ಲೆಕ್ಕ ನನ್ನ ಹೆಂಡತಿಯ ಬಳಿ ಇದೆ.

“ಹೋದ ವರ್ಸ ಸಾಹೇಬ್ರು ಬಾಜೂಕ ನಿಂತಿದ್ರು, ಇದ್ದದ್ದ ಬರೀಬೇಕಾತು ಅಂದ್ರಿ. ಈಗ ಅವಗ ಹೆಸರು ಬರಲಿ ಅಂತ ಬರದೆ ಅಂತೀರಿ. ಖರೇ ಯಾವುದ್ರಿ?”

ಎರಡೂ ನೆನಪಿವೆ, ಎರಡೂ ಸ್ಪಷ್ಟವಾಗಿವೆ. ಅದಕ್ಕೇ ಎರಡನ್ನೂ ನಂಬುವುದಿಲ್ಲ. ಅವನಿಗೆ ಶಿಕ್ಷೆಯಾಯಿತೋ, ಬರೀ ಊರಿಗೆ ಕಳಿಸಿದರೋ ತಿಳಿಯದು. ವಿಚಾರಿಸಲು ಹೆಸರೇ ಗೊತ್ತಿಲ್ಲ. ವೈರ್‌ಲೆಸ್‌ನಲ್ಲಿ ಇದ್ದದ್ದು ಬರೀ ಸಂಕೇತ.

ಹೆಂಡತಿ ಗದ್ವಾಲದ ನೇಕಾರರ ಮಗಳು. ಪ್ರಯತ್ನವಾದರೂ ಒಂದೇ ಇರಬೇಕೆಂಬ ತರಬೇತಿಯ ಪಾಠ ಹೇಳಿದಾಗ ನಕ್ಕಿದ್ದಳು. “ಮಗ್ಗದಾಗ ಅಪ್ಪ ಒಂದ ಹೇಳತಿದ್ದ, ಅವ್ವ ಇನ್ನೊಂದ ಮಾಡತಿದ್ಲು. ಸೀರಿ ಮಾತ್ರ ಒಂದ ಬರತಿತ್ತು. ಯಾರು ಏನು ಮಾಡಿದ್ರು ಅಂತ ಯಾರೂ ಬರಕೊಳ್ಳಲಿಲ್ಲ ನೋಡ್ರಿ.”

ಮೊನ್ನೆ ಹುಣಸೆಹಣ್ಣು ಬಿಡಿಸುತ್ತಾ ಕೇಳಿದಳು, “ಅವಗೂ ಹೆಂಡತಿ ಇರ್ತಾಳಲ್ಲ. ಆಕಿಗೆ ಏನಂತ ಹೇಳಿರ್ತಾನ?”

“ಏನಂತ ಹೇಳಿರ್ತಾನ,” ಎಂದೆ, ಚಾಳಿಯಂತೆ.

ನನ್ನನ್ನು ಬೈದು ಹೇಳಿರಲಿ, ಮರೆತುಮರೆತು ಹೇಳಿರಲಿ. ಆ ಕಥೆಯಲ್ಲಿ ಎಲ್ಲಾದರೂ ಒಮ್ಮೆ ನನ್ನ ‘ನಕ್ಕೋ’ ಬಂದಿರಲಿ, ಅಲ್ಲಿ ಅವನು ನಕ್ಕಿರಲಿ.