ಬಿಸಿಲಿನ ಯೋಜನೆಯ ಕೊನೆಯ ಪುಟ

ನಿನ್ನೆ ಬೆಳಿಗ್ಗೆ ಕೂಲರಿಗೆ ಹೊಸ ಲಾವಂಚದ ತಟ್ಟಿ ಹಾಕಿಸಿದೆ. ಏಪ್ರಿಲ್ ಬಂತೆಂದರೆ ನಾಗಪುರದ ಮನೆಗಳಲ್ಲಿ ಇದೊಂದು ತಪ್ಪದ ಕೆಲಸ. ಕಿಟಕಿಗೆ ಕೂರಿಸಿದ ತಗಡಿನ ಡಬ್ಬಿಯ ಮೂರು ಬದಿಗೂ ಒಣ ತಟ್ಟಿ ಕಟ್ಟಿ, ನೀರು ಬಿಟ್ಟು, ಮೊದಲ ತಂಪು ಗಾಳಿ ಮುಖಕ್ಕೆ ತಾಗುವವರೆಗೆ ಎದುರು ನಿಂತಿರಬೇಕು. ಆ ವಾಸನೆ ನಿಮಗೂ ಗೊತ್ತಿರಬಹುದು. ಬಂದವರೆಲ್ಲ ಕಣ್ಣು ಮುಚ್ಚಿ ಆಹಾ ಎನ್ನುತ್ತಾರೆ. ನನಗೆ ಮಾತ್ರ ಅದರಿಂದ ಒಂದು ಕಡತ ನೆನಪಾಗುತ್ತದೆ.

ಸಿವಿಲ್ ಲೈನ್ಸಿನ ಒಂದು ಕಚೇರಿಯ ಯೋಜನಾ ವಿಭಾಗಕ್ಕೆ ನಾನು ಸೇರಿದಾಗ ನನ್ನಲ್ಲಿ ಎರಡು ಪದವಿಗಳೂ ಬೇಕಾದಷ್ಟು ಬಣ್ಣದ ಚೀಟಿಗಳೂ ಇದ್ದವು. ಗೋಡೆಯ ಮೇಲೆ ಹಳದಿ ಚೀಟಿಯಲ್ಲಿ ಗುರಿ, ಹಸಿರು ಚೀಟಿಯಲ್ಲಿ ಮಾರ್ಗ, ಗುಲಾಬಿ ಚೀಟಿಯಲ್ಲಿ ಅಡ್ಡಿಗಳನ್ನು ಅಂಟಿಸುವುದು ನನಗೆ ಕಲಿಸಿದ್ದ ಕ್ರಮ. ಗುಲಾಬಿ ಚೀಟಿಗಳು ಯಾವಾಗಲೂ ಬಳಕೆಯಾಗದೆ ಉಳಿಯುತ್ತಿದ್ದವು. ಅದನ್ನು ನಾನು ನನ್ನ ಯೋಜನೆಗಳ ಗುಣವೆಂದೇ ತಿಳಿದಿದ್ದೆ.

ವಿಭಾಗದ ಮುಖ್ಯಸ್ಥರು ವಿಜಯಪುರದ ಕಡೆಯ ದೇಸಾಯಿ ಸಾಹೇಬರು. ಇಡೀ ಕಚೇರಿಯಲ್ಲಿ ಕನ್ನಡದವರು ನಾವಿಬ್ಬರೇ. ನನ್ನ ಮೈಸೂರು ಕಡೆಯ ಮಾತಿಗೆ ಅವರು ನಗುತ್ತಿದ್ದರು, ಅವರ ಮಾತು ಅರ್ಥವಾಗದೆ ನಾನೂ ನಗುತ್ತಿದ್ದೆ. ಅವರದೊಂದು ಪದ್ಧತಿಯಿತ್ತು. ಯಾವ ಯೋಜನೆ ಮೇಲಕ್ಕೆ ಹೋಗುವುದಿದ್ದರೂ ಅದರ ಕೊನೆಯ ಪುಟದಲ್ಲಿ ಒಬ್ಬ ಮನುಷ್ಯನ ಒಂದು ದಿನವನ್ನು ಬರೆಯಬೇಕು. ಕಲ್ಪಿಸಿ ಬರೆಯುವಂತಿಲ್ಲ. ಯೋಜನೆ ಯಾರಿಗಾಗಿಯೋ ಅಂಥ ಒಬ್ಬರನ್ನು ಹುಡುಕಿ, ಅವರ ಜೊತೆ ಬೆಳಗಿನಿಂದ ಸಂಜೆಯವರೆಗೆ ಇದ್ದು, ಕಂಡದ್ದನ್ನಷ್ಟೇ ಬರೆಯಬೇಕು. ಸಂತೆಯ ಬಳಿ ಶೌಚಾಲಯ ಕಟ್ಟುವ ಯೋಜನೆಗೆ ನಾನು ಹಾಗೆ ತರಕಾರಿಯವಳೊಬ್ಬಳ ಪಕ್ಕ ಕೂತಿದ್ದೆ. ಅವಳು ಇಡೀ ದಿನ ನೀರು ಕುಡಿಯಲಿಲ್ಲ. ಎದ್ದು ಹೋದರೆ ಬುಟ್ಟಿ ನೋಡಿಕೊಳ್ಳುವವರಿರಲಿಲ್ಲ. ನಕ್ಷೆಯಲ್ಲಿ ಶೌಚಾಲಯದ ಜಾಗ ಐವತ್ತು ಹೆಜ್ಜೆ ಇತ್ತ ಸರಿಯಿತು, ಬುಟ್ಟಿ ಕಣ್ಣಿಗೆ ಕಾಣುವಷ್ಟು ಹತ್ತಿರಕ್ಕೆ. ಆಗಲೂ ನನಗೆ ಅದು ಸಾಹೇಬರ ಹಳೆಯ ಕಾಲದ ಹಟವೆಂದೇ ಅನ್ನಿಸಿತ್ತು. ಅವರು ಒಮ್ಮೆ ನನ್ನ ಚೀಟಿಗಳ ಗೋಡೆಯ ಮುಂದೆ ನಿಂತು, "ಭಾಳ ಚಲೋ ಐತಿ ತಂಗಿ. ಮಂದಿ ಯಾವ ಬಣ್ಣದಾಗ ಅದಾರ?" ಎಂದು ಕೇಳಿದ್ದರು.

ಬಿಸಿಲಿನ ಯೋಜನೆ ನನ್ನ ಕೈಗೆ ಬಂದ ವರ್ಷ ಸಾಹೇಬರು ತಮ್ಮ ಮಗಳ ಬಾಣಂತನಕ್ಕೆಂದು ರಜೆಯ ಮೇಲೆ ಊರಿಗೆ ಹೋಗಿದ್ದರು. ಮೇ ತಿಂಗಳಲ್ಲಿ ಹೊರಗೆ ದುಡಿಯುವವರು ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಕೂರಲು ತಂಪು ಜಾಗ ಬೇಕಿತ್ತು. ನಗರದ ಸಮುದಾಯ ಭವನಗಳ ಪಟ್ಟಿ ತರಿಸಿದೆ. ದೊಡ್ಡ ಕೋಣೆ, ಫ್ಯಾನು, ನೀರು, ಎಲ್ಲವೂ ಇದ್ದವು. ಹನ್ನೊಂದು ಜನರ ಸಭೆ ಒಂದೇ ಸಲಕ್ಕೆ ಒಪ್ಪಿತು. ಕಳಿಸಬೇಕಾದ ನಮೂನೆಯಲ್ಲಿ ಕೊನೆಯ ಪುಟಕ್ಕೆ ಜಾಗವಿರಲಿಲ್ಲ. ನಾನು ಅದನ್ನು ಬಿಟ್ಟೆ. ಜಾಗವಿಲ್ಲದ್ದು ನಿಜ, ಆದರೆ ಬಿಟ್ಟಾಗ ಹಗುರವೆನ್ನಿಸಿದ್ದೂ ನಿಜ.

ನಮ್ಮ ಗೇಟಿನ ಹೊರಗೆ ಕಮಲಾಬಾಯಿ ತಳ್ಳುಗಾಡಿಯಲ್ಲಿ ನಿಂಬೆ ಶರಬತ್ತು ಮಾರುತ್ತಿದ್ದಳು. ಯೋಜನೆ ಜಾರಿಗೆ ಬಂದ ವಾರ ನಾನೇ ಅವಳ ಬಳಿ ಹೋಗಿ, ಮಧ್ಯಾಹ್ನ ಇಲ್ಲಿ ಇರಬೇಡ, ಸದರ್ ಬಡಾವಣೆಯ ಸಮುದಾಯ ಭವನ ತೆರೆದಿರುತ್ತದೆ, ಫ್ಯಾನಿದೆ, ಅಲ್ಲಿಗೆ ಹೋಗು ಎಂದೆ. ನನ್ನ ಯೋಜನೆಯನ್ನು ಒಬ್ಬರ ಮುಖ ನೋಡಿ ಹೇಳಿದ್ದು ಅದೇ ಮೊದಲು, ಮತ್ತು ಹೇಳುವಾಗ ನನಗೆ ಹೆಮ್ಮೆಯಾಯಿತು.

ಮುಂದಿನದನ್ನು ಕಂಡಷ್ಟು, ಕೇಳಿದಷ್ಟೇ ಹೇಳುತ್ತೇನೆ, ಏಕೆಂದರೆ ಹೇಳಿ ಹೇಳಿ ಅದು ಬೆಳೆಯಬಾರದು. ಮರುದಿನ ಅವಳು ಗಾಡಿ ತಳ್ಳಿಕೊಂಡು ಆ ಭವನಕ್ಕೆ ಹೋದಳು. ಅಲ್ಲಿ ಮದುವೆ ನಡೆಯುತ್ತಿತ್ತು. ಬಾಗಿಲಲ್ಲಿದ್ದವನು ಇವತ್ತು ಲಗ್ನ, ನಾಳೆಯೂ ಲಗ್ನ ಎಂದು ಕಳಿಸಿದ. ಅವಳು ಅದೇ ಬಿಸಿಲಿನಲ್ಲಿ ಮರಳಿ ಹೊರಟಳು. ಅವಳು ಬಿದ್ದದ್ದನ್ನು ನಾನು ನೋಡಿಲ್ಲ. ನೋಡಿದವರು, ಮೊದಲು ಗಾಡಿ ನಿಂತಿತು, ಆಮೇಲೆ ಅವಳು ಮೆಲ್ಲಗೆ ಕುಳಿತಳು ಎನ್ನುತ್ತಾರೆ. ಗೇಟಿನ ಬಳಿ ಜನ ಸೇರಿದ್ದು ಕಂಡು ನಾನು ಇಳಿದು ಹೋದೆ. ಮೈ ಕಾದ ಹಂಚಿನ ಹಾಗಿತ್ತು. ಬೆವರು ಇರಲಿಲ್ಲ. ನನ್ನನ್ನು ಬೇರೆ ಯಾರದೋ ಹೆಸರಿನಿಂದ ಕರೆದಳು.

ಅವಳು ಬದುಕಿದಳು. ಆದರೆ ನಡಿಗೆ ಮೊದಲಿನಂತಾಗಲಿಲ್ಲ. ಕಾಲಿಡುವಾಗ ನೆಲ ಎಲ್ಲಿದೆಯೆಂದು ಹುಡುಕುವವಳ ಹಾಗೆ ತಡವರಿಸುತ್ತಾಳೆ. ಗಾಡಿ ಈಗ ಸೊಸೆಯ ಕೈಯಲ್ಲಿದೆ. ಮನೆಗೆ ನೋಡಲು ಹೋದಾಗ ಏನೇನೋ ಜೋಡಿಸಿಕೊಂಡು ಹೋಗಿದ್ದ ಕ್ಷಮೆಯ ಮಾತು ನಾನು ತೆಗೆಯುವಷ್ಟರಲ್ಲಿ ಅವಳೇ ಮಾತಾಡಿದಳು. ಅವಳದು ಮರಾಠಿ, ನನ್ನ ಕನ್ನಡದಲ್ಲಿ ಹೇಳುತ್ತೇನೆ.

"ನೀವು ಹೇಳಿದಿರಿ ಅಂತ ಹೋದೆ ಮ್ಯಾಡಮ್. ಇಲ್ಲಾಂದ್ರೆ ಪ್ರತಿ ವರ್ಷದ ಹಾಗೆ ಬೇವಿನ ಮರದ ಕೆಳಗೇ ಇರ್ತಿದ್ದೆ."

ಗೇಟಿನಿಂದ ಇಪ್ಪತ್ತು ಹೆಜ್ಜೆಗೆ ಒಂದು ಬೇವಿನ ಮರವಿದೆ. ಹನ್ನೆರಡು ಹೊಡೆದರೆ ಅವಳ ಗಾಡಿ ಅದರ ಕೆಳಗೆ ಹೋಗುವುದನ್ನು ನಾನು ಎರಡು ವರ್ಷ ಕಿಟಕಿಯಿಂದ ನೋಡಿದ್ದೆ. ನೋಡಿಯೂ ನೆರಳಿನಿಂದ ಎಬ್ಬಿಸಿ ಬಿಸಿಲಿಗೆ ಕಳಿಸಿದ್ದೆ.

ದೇಸಾಯಿ ಸಾಹೇಬರು ರಜೆಯಿಂದ ಬಂದು ಕಡತ ತರಿಸಿದರು. ಬೈಗುಳಕ್ಕೆ ನಾನು ಸಿದ್ಧಳಾಗಿದ್ದೆ. ಬೈದಿದ್ದರೆ ಅಂದಿಗೇ ಮುಗಿಯುತ್ತಿತ್ತೋ ಏನೋ. ಸಭೆಯಲ್ಲಿ ಎಷ್ಟು ಜನ ಇದ್ದಿರಿ ಎಂದು ಕೇಳಿದರು. ಹನ್ನೊಂದು ಎಂದೆ.

"ಹ್ವಾದ ವರ್ಷ ಮೇ ತಿಂಗಳಾಗ ಇಂಥಾ ಭವನದಾಗ ಮದುವಿ ಊಟ ಉಂಡವ್ರು ಎಷ್ಟು ಮಂದಿ?"

ನಾನು ಹೋಗಿ ಒಬ್ಬೊಬ್ಬರನ್ನೇ ಕೇಳಿದೆ. ಹನ್ನೊಂದೂ ಜನ ಉಂಡಿದ್ದರು. ಸದರ್‌ನ ಆ ಭವನದಲ್ಲೇ ನಾನು ಸಹೋದ್ಯೋಗಿಯೊಬ್ಬರ ತಂಗಿಯ ಮದುವೆಗೆ ಹೋಗಿ, ಕೆಂಪು ರೇಷ್ಮೆ ಸೀರೆಯಲ್ಲಿ ಬೆವರುತ್ತ, ಇಲ್ಲಿಯ ಜನ ಇಂಥ ಸೆಕೆಯಲ್ಲೇ ಯಾಕೆ ಲಗ್ನ ಇಡುತ್ತಾರೋ ಎಂದು ಗೊಣಗಿದ್ದೆ.

ಅಂದಿನಿಂದ ನನ್ನನ್ನು ಕಾಡುವುದು ತಪ್ಪಿತಸ್ಥ ಭಾವಕ್ಕಿಂತ ಒಂದು ಕುತೂಹಲ. ಊರಿಗೆಲ್ಲ ಗೊತ್ತಿದ್ದದ್ದು, ನನ್ನ ನಾಲಿಗೆಗೂ ಗೊತ್ತಿದ್ದದ್ದು, ಸಭೆಯ ಮೇಜಿನ ಬಳಿ ಎಲ್ಲಿ ಹೋಯಿತು? ನಮ್ಮಲ್ಲಿ ಯಾರೂ ಅಡಗಿಸಿಡಲಿಲ್ಲ. ಮದುವೆಗೆ ಹೋದವಳು ಒಬ್ಬಳು, ಪಟ್ಟಿಗೆ ಗುರುತು ಹಾಕಿದವಳು ಇನ್ನೊಬ್ಬಳು ಎಂಬಂತೆ ಇಬ್ಬರೂ ಒಂದೇ ಕುರ್ಚಿಯಲ್ಲಿ ಕೂತು ಪರಸ್ಪರ ಮಾತಾಡಲಿಲ್ಲ. ದೂರದೃಷ್ಟಿಯ ಬಗ್ಗೆ ಓದಿದ್ದೆಲ್ಲ ಮುಂದಿನದನ್ನು ಕಾಣುವ ವಿದ್ಯೆ. ನನಗೆ ಬೇಕಿದ್ದದ್ದು ಈಗಾಗಲೇ ಕಂಡದ್ದನ್ನು ಕಚೇರಿಯೊಳಕ್ಕೆ ತರುವ ವಿದ್ಯೆ. ಅದನ್ನು ಎಲ್ಲಿ ಕಲಿಸುತ್ತಾರೋ ಇವತ್ತಿಗೂ ತಿಳಿದಿಲ್ಲ.

ಸಾಹೇಬರು ನಿವೃತ್ತರಾಗಿ ವಿಜಯಪುರ ಸೇರಿದ್ದಾರೆ. ಅವರ ಕುರ್ಚಿಯಲ್ಲಿ ನಾನಿದ್ದೇನೆ. ಮದುವೆಯಿದ್ದರೂ ಭವನದ ಹಿಂದಿನ ಕೋಣೆಯನ್ನು ಮಧ್ಯಾಹ್ನ ತೆರೆದಿಡಬೇಕು, ಅದಕ್ಕೆ ಬೇರೆಯೇ ಬಾಗಿಲಿರಬೇಕು ಎಂಬುದು ಈಗಿನ ನಿಯಮ. ನಿನ್ನೆ ಕೂಲರಿನ ಕೆಲಸ ಮುಗಿದ ಮೇಲೆ ಈ ವರ್ಷದ ಕಡತ ಹಿಡಿದು, ಅದರ ಕೊನೆಯ ಪುಟ ಬರೆಯಲೆಂದು ಅದೇ ಭವನಕ್ಕೆ ಹೋದೆ. ಕೋಣೆ ತೆರೆದಿತ್ತು. ಚಾಪೆ ಹಾಸಿತ್ತು, ಮಡಕೆಯಲ್ಲಿ ನೀರಿತ್ತು, ಫ್ಯಾನು ತಿರುಗುತ್ತಿತ್ತು. ಬಾಗಿಲ ಪಕ್ಕದ ಮೇಜಿಗೆ ಕುರ್ಚಿ ಎಳೆದುಕೊಂಡು, ಕಡತ ಬಿಚ್ಚಿ, ಕಾದೆ. ಒಂದು ಗಂಟೆಯಿಂದ ಒಂದೂ ನಲವತ್ತರವರೆಗೆ ಒಬ್ಬರೂ ಬರಲಿಲ್ಲ. ಹೊರಗೆ ಗೋಡೆಯ ಒಂದು ಗೇಣು ನೆರಳಿನಲ್ಲಿ ಐದಾರು ಜನ ಬೆನ್ನು ಅಂಟಿಸಿ ನಿಂತಿದ್ದರು. ಜನರಲ್ಲಿ ತಿಳಿವಳಿಕೆ ಸಾಲದು ಎಂದು ಬರೆಯಲು ಪೆನ್ನು ತೆಗೆದೆ.

ಅಷ್ಟರಲ್ಲಿ ಪೊರಕೆ ಮಾರುವ ಹೆಂಗಸೊಬ್ಬಳು ಬಾಗಿಲಿಗೆ ತಲೆ ತೂರಿಸಿ, "ಮೀಟಿಂಗ್ ಇನ್ನೂ ಎಷ್ಟೊತ್ತು ಮ್ಯಾಡಮ್?" ಎಂದು ಕೇಳಿದಳು.

ಯಾವ ಮೀಟಿಂಗ್ ಎಂದೆ. ಅವಳು ಮೇಜನ್ನು, ಕಡತವನ್ನು, ನನ್ನನ್ನು ನೋಡಿದಳು.

ನಾನು ಕಡತ ಮುಚ್ಚಿ, ಕುರ್ಚಿಯನ್ನು ಹೊರಗಿಟ್ಟು ಬಂದು, ಗೋಡೆಗೊರಗಿ ಚಾಪೆಯ ಮೇಲೆ ಕುಳಿತೆ. ಮೊದಲು ಅವಳು ಬಂದಳು, ಆಮೇಲೆ ಉಳಿದವರು. ಕೊನೆಗೆ ಬಂದ ಮುದುಕನಿಗೆ ಫ್ಯಾನಿನ ಕೆಳಗೆ ಜಾಗ ಸಾಲಲಿಲ್ಲ. ಸ್ವಲ್ಪ ಸರಿಯಿರಿ ಎಂದು ನನಗೆ ಕೈಸನ್ನೆ ಮಾಡಿದ. ಸರಿದೆ.